ತಂಪಿಗೆ ಬೇಕಾದ ಬೆಂಕಿ

ರಾತ್ರಿಯ ಗಾಳಿಮಳೆ ಆಸ್ಪತ್ರೆಯ ಹಿತ್ತಲಿನ ತಾಡಪಾಲನ್ನು ಕಿತ್ತೊಯ್ದು, ಕೆಳಗೆ ಒಟ್ಟಿದ್ದ ಕಬ್ಬಿನ ಸಿಪ್ಪೆಯನ್ನೆಲ್ಲ ತೊಪ್ಪೆ ಮಾಡಿಟ್ಟಿತ್ತು. ಫಿಟ್ಟರ್ ಒಂದು ಹಿಡಿ ತೆಗೆದು ಹಿಂಡಿದ. ನೀರು ಮೊಣಕೈವರೆಗೆ ಇಳಿಯಿತು.

ಬೇರೆ ದಿನವಾಗಿದ್ದರೆ ಊರಿನ ಕರೆಂಟಾದರೂ ಇರುತ್ತಿತ್ತು. ಅದೇ ಗಾಳಿಗೆ ಕಂಬಗಳೂ ಮಲಗಿದ್ದವು. ಆ ಸಣ್ಣ ಆಸ್ಪತ್ರೆಯ ಶವದ ಕೋಣೆಯಲ್ಲಿ, ತಂಪು ಪೆಟ್ಟಿಗೆಯೊಳಗೆ, ತೀರಿಕೊಂಡ ಹಿರಿಯ ಡಾಕ್ಟರೇ ಮಲಗಿದ್ದರು. ದೂರದಿಂದ ಅವರ ಮಗಳು ಸಂಜೆ ಬಂದು ಮುಖ ನೋಡಬೇಕಿತ್ತು. ಸಕ್ಕರೆ ಕಾರ್ಖಾನೆ ಎಸೆಯುವ ಸಿಪ್ಪೆಯಿಂದ ಕರೆಂಟು ತೆಗೆಯುತ್ತೇನೆಂದು, ಊರೆಲ್ಲ ನಕ್ಕರೂ ಹಟ ಬಿಡದೆ ಯಂತ್ರ ಕೂರಿಸಿದವರು ಅವರು. ಕೆಲಸವಿಲ್ಲದೆ ಅಲೆಯುತ್ತಿದ್ದ ಫಿಟ್ಟರನನ್ನು ಕರೆದು ಅದರ ಮುಂದೆ ನಿಲ್ಲಿಸಿದವರೂ ಅವರೇ.

ಒಣ ಉರುವಲನ್ನು ಕಡಿಮೆ ಗಾಳಿಯಲ್ಲಿ ಸುಟ್ಟರೆ ಅನಿಲ ಬರುತ್ತದೆ, ಅದರಿಂದ ಎಂಜಿನ್ ಓಡುತ್ತದೆ. ಒದ್ದೆ ಸಿಪ್ಪೆಯಿಂದ ಬರುವುದು ಬರೀ ಹೊಗೆ. ಎಂಜಿನ್ ಹಳೇ ಕ್ಷಯರೋಗಿಯಂತೆ ಕೆಮ್ಮತೊಡಗಿತು.

ಬುದ್ಧಿ ಹೇಳುವವರು ನೆರೆದರು. ದೊಡ್ಡ ನರ್ಸಮ್ಮ ಖಾಲಿ ಮಂಚಗಳ ಮೇಲೆ ಸಿಪ್ಪೆ ಹರಡಿಸಿ ಫ್ಯಾನ್ ಹಾಕಿಸಿದರು. ಫ್ಯಾನಿನ ಹೊರೆಗೆ ಎಂಜಿನ್ ಇನ್ನಷ್ಟು ಕುಸಿಯಿತು. ಅಡುಗೆಯವಳು ಬಾಣಲೆಯಲ್ಲಿ ಹುರಿಯಹೋಗಿ ಹುಬ್ಬು ಸುಟ್ಟುಕೊಂಡಳು. ಇಷ್ಟಾಗಿ ಒಣಗಿದ್ದು ಎರಡು ಬೊಗಸೆ.

ಮಧ್ಯಾಹ್ನಕ್ಕೆ ಶವದ ಕೋಣೆಯ ದೀಪ ಮಿಣಮಿಣ ಅನ್ನತೊಡಗಿತು. ಫಿಟ್ಟರ್ ತಾನು ಕೂರುವ ಸ್ಟೂಲನ್ನೇ ಒಡೆದು ಯಂತ್ರಕ್ಕೆ ಹಾಕಿದ. ಆಗ, ಅಲ್ಲೇ ಕಾಂಪೌಂಡರ್ ಆಗಿದ್ದ ಅವನ ಭಾವ ಕೈಗಾಡಿಯ ತುಂಬ ಹಲಗೆ ತಳ್ಳಿಕೊಂಡು ಬಂದ. ಒಳ್ಳೆಯ ಒಣ ಮರ, ನುಣ್ಣಗೆ ಹೆರೆದದ್ದು.

"ಎಲ್ಲಿಂದ ತಂದ್ರಿ ಭಾವ?"

"ಹಿಂದಿನ ವರಾಂಡದಲ್ಲಿ ಸುಮ್ನೆ ಬಿದ್ದಿತ್ತು. ಮೊದ್ಲು ಕೊಡಲಿ ಹಿಡಿ, ಪ್ರಶ್ನೆ ಆಮೇಲೆ ಕೇಳು."

ಕಡಿದರು, ತುಂಬಿದರು. ಎಂಜಿನ್ ಗಂಟಲು ಸರಿಮಾಡಿಕೊಂಡು ಓಡಿತು.

ಸಂಜೆ ಮಗಳು ಬಂದಳು. ಅಪ್ಪನ ಮುಖ ನೋಡುತ್ತ ಬಹಳ ಹೊತ್ತು ನಿಂತಳು. ಹೊರಗೆ ಬಂದವಳೇ ಫಿಟ್ಟರನ ಮಸಿಗೈ ಹಿಡಿದುಕೊಂಡು, "ನಿದ್ದೆ ಮಾಡ್ತಿರೋ ಹಾಗೇ ಇದಾರೆ" ಅಂದಳು. ಅವನು, ಇನ್ನು ಮಣ್ಣು ಮಾಡುವುದೊಂದೇ ಬಾಕಿ ಎಂದುಕೊಂಡು ಎಂಜಿನ್ ನಿಲ್ಲಿಸಲು ಹೊರಟ.

ಅಷ್ಟರಲ್ಲಿ ಮೊಳೆ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಬಡಗಿ ಬಂದ. ವರಾಂಡದಲ್ಲಿ ಹುಡುಕಿದ, ಗೋಡೆಯಾಚೆ ಇಣುಕಿದ.

"ಹಲಗೆ ಇಲ್ಲೇ ಇಟ್ಟಿದ್ದೆ. ಡಾಕ್ಟರ ಶವಪೆಟ್ಟಿಗೇದು."

ಭಾವ ಮೆಲ್ಲಗೆ ಔಷಧಿ ಕೋಣೆಗೆ ಸರಿದ. ಬೇರೆ ಮರ ತಂದು, ಕೊಯ್ದು, ಹೆರೆಯಬೇಕೆಂದರೆ ನಾಳೆ ಸಂಜೆಯಾದೀತು ಎಂದ ಬಡಗಿ.

ಮಗಳು ಫಿಟ್ಟರನ ಕಡೆ ತಿರುಗಿದಳು.

"ಪರವಾಗಿಲ್ಲ, ನೀವಿದೀರಲ್ಲ. ಅಲ್ಲೀವರೆಗೆ ಎಂಜಿನ್ ನಿಲ್ಲಿಸಬೇಡಿ."

ಫಿಟ್ಟರ್ ತಲೆಯಾಡಿಸಿದ. ಯಂತ್ರದೊಳಗೆ ಕೊನೆಯ ಹಲಗೆ ಕೆಂಡವಾಗುತ್ತಿತ್ತು.