ಊಟದ ಮನೆಗೆ ಕಿವಿ ಬಂದದ್ದು

ಅತ್ತೆಯವರು ಬಟ್ಟೆಬರೆ ಕಟ್ಟಿಕೊಂಡು ಕಿರಿಯ ಮಗಳ ಮನೆಗೆ ಹೊರಡುತ್ತೇನೆ ಎಂದಾಗ ಸದ್ದಿನ ಮೇಷ್ಟ್ರಿಗೆ ಮೊದಲು ಆದದ್ದು ದುಃಖವಲ್ಲ, ಅವಮಾನ. ನಾಟಕಶಾಲೆಯ ಕಟ್ಟಕಡೆಯ ಸಾಲಿಗೂ ಪಿಸುಮಾತು ತಲುಪುವಂತೆ ಗೋಡೆಗಳನ್ನು ತಿದ್ದಿಕೊಟ್ಟವರು ಅವರು. ಆಡಿದ ಮಾತು ಕೇಳುವವರಿಗೆ ಎಷ್ಟು ತಿಳಿಯುತ್ತದೆ ಎಂಬುದೇ ವಿಶ್ವವಿದ್ಯಾಲಯದಲ್ಲಿ ಅವರ ಸಂಶೋಧನೆ. ಅಂಥವರ ಊಟದ ಮೇಜಿನಲ್ಲೇ ಮಾತು ತಿಳಿಯದೆ ಅತ್ತೆ ತಟ್ಟೆ ಹಿಡಿದು ತಮ್ಮ ಕೋಣೆ ಸೇರಿಬಿಟ್ಟಿದ್ದರು.

“ನೀವಿಬ್ಬರೂ ನಗ್ತೀರಿ, ನಾನೂ ನಗ್ತೀನಿ. ಯಾಕೆ ಅಂತ ಗೊತ್ತಿರಲ್ಲ. ಎಷ್ಟು ದಿನ ಹೀಗೆ ಕಡ ತಂದ ನಗು ನಗೋದು?” ಎಂದರು ಅತ್ತೆ.

ಹೆಂಡತಿ ಗಂಡನನ್ನು ಅಡುಗೆಮನೆಗೆ ಎಳೆದೊಯ್ದಳು. “ರೀ, ಊರೋರ ಕಿವಿಗೆಲ್ಲ ನೀವು ಬೇಕು. ನಮ್ಮಮ್ಮನ ಕಿವಿಗೆ ಬೇಡ್ವಾ?”

“ಕಿವಿಗೆ ಮಷೀನ್ ಹಾಕಿಸಿದೀವಲ್ಲೇ?”

“ಅದರಲ್ಲಿ ಮಾತಿಗಿಂತ ಚಮಚದ ಸದ್ದೇ ಜೋರಂತೆ. ಭಾನುವಾರದೊಳಗೆ ಏನಾದ್ರೂ ಮಾಡಿ. ಅಮ್ಮ ಹೋದ್ರೆ ನಾನೂ ಹಿಂದೇನೇ ಹೋಗ್ತೀನಿ.”

ಮೇಷ್ಟ್ರು ಊಟದ ಹಜಾರದ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯಿತು, ಅದರ ದೆವ್ವ ಮಾತ್ರ ಗೋಡೆಯಿಂದ ಗೋಡೆಗೆ ಅಲೆಯುತ್ತಲೇ ಇತ್ತು. ನುಣುಪು ಕಲ್ಲಿನ ನೆಲ, ಗಾಜಿನ ಮೇಜು, ಬೋಳು ಗೋಡೆ: ಎಲ್ಲವೂ ಮೇಷ್ಟ್ರೇ ಆರಿಸಿದ್ದು. (ಅಂದವಾಗಿದೆ ಎಂದು ಬಂದವರೆಲ್ಲ ಹೊಗಳಿದ್ದರು, ಆ ಹೊಗಳಿಕೆಯೂ ಎರಡೆರಡು ಸಲ ಕೇಳಿಸಿತ್ತು.) ಇಲ್ಲಿ ಒಂದು ಮಾತು ಅಡಗುವ ಮೊದಲೇ ಇನ್ನೊಂದು ಅದರ ಮೇಲೆ ಬಿದ್ದು ಎರಡೂ ನಜ್ಜುಗುಜ್ಜಾಗುತ್ತಿದ್ದವು.

“ತಪ್ಪು ಅತ್ತೆಯ ಕಿವಿಯದಲ್ಲ, ಗೋಡೆಯದು!” ಎಂದು ಮೇಷ್ಟ್ರು ಘೋಷಿಸಿದರು.

ಮುಂದಿನ ದಿನಗಳಲ್ಲಿ ಆ ಮನೆಯಲ್ಲಿ ನಡೆದದ್ದು ಮಹಾಯಜ್ಞ. ಬಲೂನು ಊದುವುದು, ಸೂಜಿಯಿಂದ ಒಡೆಯುವುದು, ಆ ಢಂ ಎಂಬ ಸದ್ದು ಎಷ್ಟು ಹೊತ್ತು ಉಳಿಯಿತೆಂದು ಅಳೆಯುವುದು. ಗೋಡೆಗೆ ರಜಾಯಿ ಬಂತು, ನೆಲಕ್ಕೆ ಕಂಬಳಿ ಬಂತು, ಗಾಜಿನ ಮೇಲೆ ದಪ್ಪ ಬಟ್ಟೆ ಬಂತು. ಹತ್ತಿಯ ಹಾಸಿಗೆಯೊಂದು ಛಾವಣಿಗೇರಿ ತೂಗಿತು. ಕೊನೆಗೆ ಒಡೆದ ಬಲೂನು ‘ಟಪ್’ ಎಂದು ಅಲ್ಲೇ ಪ್ರಾಣ ಬಿಟ್ಟಿತು. ಮೇಷ್ಟ್ರ ಕಣ್ಣಲ್ಲಿ ನೀರಾಡಿತು.

ಭಾನುವಾರ ಅತ್ತೆಯನ್ನು ಕೈಹಿಡಿದು ತಂದು ಮೇಜಿಗೆ ಕೂರಿಸಿದರು. ಹೊರಟ ಗಂಟು ಕೋಣೆಯ ಬಾಗಿಲಲ್ಲೇ ಇತ್ತು.

“ಅಮ್ಮಾ, ಉಪ್ಪು ಸಾಕಾ?” ಮಗಳು ಮೆಲ್ಲಗೆ ಕೇಳಿದಳು.

“ಸಾಕು ಕಣೇ,” ಎಂದ ಅತ್ತೆ ತಟ್ಟನೆ ತಲೆಯೆತ್ತಿದರು. ಮಗಳ ದನಿ ನೆಟ್ಟಗೆ ಬಂದು ಅವರ ಮಡಿಲಲ್ಲಿ ಕೂತಿತ್ತು.

ಹೆಂಡತಿ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದಳು. “ಊಟ ಆದ್ಮೇಲೆ ಆ ಬಲೂನಿನ ಚೂರೆಲ್ಲ ಎತ್ತಿಬಿಡ್ರೀ. ಮನೆ ನೋಡೋಕಾಗ್ತಿಲ್ಲ.”

ಮೇಷ್ಟ್ರಿಗೊಂದು ಅಭ್ಯಾಸವಿತ್ತೆಂದು ಇಲ್ಲಿ ಹೇಳಲೇಬೇಕು. ಹೆಂಡತಿಯ ಅಪ್ಪಣೆಗಳಿಗೆಲ್ಲ ಅವರು ತಟ್ಟೆಯೊಳಗೆ ಮುಖವಿಟ್ಟು ಉತ್ತರ ಕೊಡುತ್ತಿದ್ದರು. ಆ ಉತ್ತರವನ್ನು ಹಜಾರದ ಪ್ರತಿಧ್ವನಿ ನುಂಗಿಕೊಳ್ಳುತ್ತಿತ್ತು. ಸಂಸಾರ ಸುಸೂತ್ರವಾಗಿ ನಡೆದದ್ದೇ ಹಾಗೆ ಎಂಬುದು ಅವರ ನಂಬಿಕೆ. ಇಂದೂ ತುಟಿ ತಾನಾಗಿ ಅಲ್ಲಾಡಿತು:

“ಮಹಾರಾಣಿಯವರ ಅಪ್ಪಣೆ. ಬಾಲ ಇದ್ದಿದ್ರೆ ಅಲ್ಲಾಡಿಸಿಬಿಡ್ತಿದ್ದೆ.”

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. “ಏನಂದ್ರಿ ಅಳಿಯಂದ್ರೇ? ಬಾಲಾನಾ?”

ರಜಾಯಿ, ಕಂಬಳಿ, ಹಾಸಿಗೆ ಯಾವುದೂ ಮೇಷ್ಟ್ರ ಸಹಾಯಕ್ಕೆ ಬರಲಿಲ್ಲ.

“ದಿನಾ ಗೊಣಗ್ತಿದ್ದದ್ದು ಇದೇನಾ?” ಅತ್ತೆಯ ದನಿ ನಡುಗಿತು.

“ಇದೇ ಅತ್ತೆ... ಇಂಥದ್ದೇ. ತಪ್ಪಾಯ್ತು.”

“ಅಯ್ಯೋ! ತುಟಿ ಅಲ್ಲಾಡೋದು ಕಾಣ್ತಿತ್ತು, ಮಾತು ಕೇಳ್ತಿರಲಿಲ್ಲ. ಈ ಮುದುಕಿ ಯಾವಾಗ ತೊಲಗತ್ತೋ ಅಂತಿದೀರಿ ಅಂದ್ಕೊಂಡಿದ್ದೆ ನಾನು!” ಎಂದವರೇ ಬಿದ್ದು ಬಿದ್ದು ನಕ್ಕರು. ಈ ನಗು ಕಡ ತಂದದ್ದಾಗಿರಲಿಲ್ಲ.

ಮೇಷ್ಟ್ರು ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದರು. ಕೇಳುವವರ ಕಿವಿಗೆ ಎಷ್ಟು ಮಾತು ತಪ್ಪುತ್ತದೆಂದು ಅವರು ಜೀವಮಾನವೆಲ್ಲ ಅಳೆದಿದ್ದರು. ತಪ್ಪಿದ ಮಾತಿನ ಜಾಗದಲ್ಲಿ ಕೇಳುವವರು ತಮ್ಮ ಅಂಜಿಕೆಯನ್ನೇ ತುಂಬಿಕೊಳ್ಳುತ್ತಾರೆಂದು ಯಾವ ಯಂತ್ರವೂ ಅವರಿಗೆ ಹೇಳಿರಲಿಲ್ಲ.

“ನೀನು ಕೋಪ ಮಾಡ್ಕೋಬೇಡ ಕಣೇ,” ಎಂದು ಹೆಂಡತಿಯ ಕಡೆ ತಿರುಗಿದರು.

“ನಂಗೇನು ಹೊಸದಾ? ಮೊದಲಿಂದಲೂ ಕೇಳಿಸ್ತಾನೇ ಇತ್ತು. ಹೋದ ವಾರ ‘ಸೇನಾಧಿಪತಿ’ ಅಂದ್ರಿ. ಅದರ ಹಿಂದಿನ ವಾರ ‘ಯಮನ ಅಕ್ಕ’.”

“ಮತ್ತೆ ಯಾಕೆ ಸುಮ್ನಿದ್ದೆ?”

“ನಾನು ಹಲ್ಲಿನ ಡಾಕ್ಟರು ಕಣ್ರೀ. ಬಾಯಿ ತೆಗೆದೋರ ನರಳಾಟಕ್ಕೆಲ್ಲ ಉತ್ತರ ಕೊಡ್ತಾ ಕೂತ್ರೆ ಕೆಲಸ ಮುಗಿಯತ್ತಾ?”

“ಗಂಟು ಬಿಚ್ಚೇ,” ಎಂದರು ಅತ್ತೆ. “ನಾನೆಲ್ಲೂ ಹೋಗಲ್ಲ. ಇಷ್ಟು ವರ್ಷದ್ದು ಬಾಕಿ ಇದೆ ಕೇಳೋಕೆ.”

ಊಟ ಮುಗಿಯಿತು. ಮೇಷ್ಟ್ರು ಮೊಣಕಾಲೂರಿ ಮೇಜಿನ ಕೆಳಗೆ ಬಲೂನಿನ ಚೂರು ಹೆಕ್ಕತೊಡಗಿದರು. ಸೊಂಟ ಹಿಡಿದುಕೊಂಡಿತು, ತುಟಿ ಇನ್ನೇನು ಅಲ್ಲಾಡಬೇಕು, ಮೇಲೆ ನೋಡಿದರು. ತಾಯಿ ಮಗಳಿಬ್ಬರೂ ಕುರ್ಚಿಯಿಂದ ಬಾಗಿ, ಉಸಿರು ಬಿಗಿಹಿಡಿದು, ಕಿವಿಗೊಟ್ಟು ಕಾಯುತ್ತಿದ್ದರು. ಮೇಷ್ಟ್ರ ಯಾವ ಉಪನ್ಯಾಸಕ್ಕೂ ಇಂಥ ಆಸೆಯ ಸಭಿಕರು ಸಿಕ್ಕಿರಲಿಲ್ಲ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಎಷ್ಟು ತಡಕಾಡಿದರೂ ಒಂದು ಗೊಣಗೂ ಬಾಯಿಗೆ ಬರಲಿಲ್ಲ.