ಪಾವಿನವನ ಡಿಸ್ಕ್ ಬ್ರೇಕ್

ಗೋವಾದ ಪರ್ವರಿ ಇಳಿಜಾರಿನ ಬುಡಕ್ಕ ನಮ್ಮ ಸೈಕಲ್ ರಿಪೇರಿ ದುಕಾನ. ಬ್ರೇಕ್ ಹಿಡೀದ ಸೈಕಲ್ಲಿನವರೆಲ್ಲಾ ತಾವಾಗೇ ಬಂದು ನಮ್ಮ ಮುಂದ ಬೀಳ್ತಾರ, ಹಿಂಗಾಗಿ ನಗೂ ಪ್ರಸಂಗಕ್ಕ ಬರ ಇಲ್ಲ. ನನ್ನ ಗಂಡ ಪಂಕ್ಚರ್ ನೋಡ್ತಾನ, ಉಳಿದಿದ್ದೆಲ್ಲಾ ನಾನ. ಬಂದವರು ಮಾತ್ರ ನನಗ ಬಾಯ್, ಅಂದ್ರ ಅಕ್ಕಾ, ಅಂತ ಕರದು ಕೇಳೂದು ಒಂದ ಮಾತು: "ಬಾಯ್, ಮಿಸ್ತ್ರಿ ಎಲ್ಲಿ?"

ಎಣ್ಣಿ ಉಪಚಾರ

ಮನಿಮನಿಗೆ ಪಾವ್ ರೊಟ್ಟಿ ಮಾರಾಂವ ಒಬ್ಬ ಇದ್ದ. ಹಡಗಿನ ಮ್ಯಾಲೆ ಕೆಲಸ ಮಾಡೋ ಅವನ ತಮ್ಮ ಒಂದು ಸೈಕಲ್ ತಂದುಕೊಟ್ಟ. ಎಣ್ಣಿ ಒತ್ತಡದ ಮ್ಯಾಲೆ ನಡಿಯೋ ಡಿಸ್ಕ್ ಬ್ರೇಕು, ಆಗ ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಹೊಸಾದಿದ್ದುದಕ್ಕ ಅದು ಕಿರ್ರ್ ಅಂತಿತ್ತು. ಇಂವ ಡಿಸ್ಕಿಗೆ ಚಲೋತ್ನಾಗಿ ತೆಂಗಿನೆಣ್ಣಿ ತಿಕ್ಕಿದ. ಸಪ್ಪಳ ಹೋತು, ಬ್ರೇಕೂ ಹೋತು. ಬುಟ್ಟಿ ಸಮೇತ ಇಳಿಜಾರು ಇಳಿದು ಸೀದಾ ಒಂದು ಮದುವಿ ಚಪ್ಪರದಾಗ ನುಗ್ಗಿದ.

"ಪೆಟ್ಟು ಬಿತ್ತೇನು?" ಅಂದೆ.

"ಇಲ್ಲ ಬಾಯ್. ಅಡಿಗಿಯವರು ಪಾವ್ ತಡಾ ಆತು ಅಂತ ಬೈದ್ರು."

ಸಿರಿಲ್

ಡಿಸ್ಕ್ ತೊಳದು, ಎಣ್ಣಿ ಕುಡಿದ ಬ್ರೇಕ್ ಪ್ಯಾಡ್ ಒಗದು, ಸೈಕಲ್ ಜೋಡಿ ಬಂದ ಡಿಬ್ಬಿಯೊಳಗಿದ್ದ ಹೊಸಾವು ಹಾಕಿದೆ. ಎಲ್ಲಾ ಸೈಕಲ್ ಮಾಡ್ದಂಗ ಇದನ್ನೂ ತಲಿಕೆಳಗ ನಿಲ್ಲಿಸಿದ್ದೆ, ಅದರಿಂದ ನಳಿಯೊಳಗ ಗಾಳಿ ಸೇರ್ತು. ಬ್ರೇಕ್ ಹಿಡಿದ್ರ ಹಿಡಿಕಿ ಮೆತ್ತಗ ಹ್ಯಾಂಡಲ್ ಮಟ ಬರಾಕತ್ತಿತು.

"ಪಣಜಿಗೆ ಕಳಸಿಬಿಡು, ನಮ್ಮ ಕೈಯಾಗಿಂದಲ್ಲ," ಅಂದ ಗಂಡ.

"ನಿನ್ನ ಕೈಯಾಗಿಂದಲ್ಲ ಅನ್ನು," ಅಂತ ಹೇಳಿ, ಗಾಳಿ ತೆಗಿಯಾಕ ದೊಡ್ಡ ಸಿರಿಂಜ್ ತರಾಕ ಸೈಕಲ್ ತಳ್ಳಿಕೊಂಡ ಔಷಧ ಅಂಗಡಿಗೆ ಹೋದೆ.

"ಯಾರಿಗೆ?" ಅಂದ ಅಂಗಡಿಯಾಂವ.

"ಸೈಕಲ್ಲಿಗೆ."

ಈ ಕಡೆ ಸಿರಿಲ್ ಅಂತ ಹೆಸರಿಟ್ಟವರು ಭಾಳ. ಅಂವ ಹಂಗ ಕೇಳಿಸಿಕೊಂಡ. "ಸಿರಿಲ್‌ಗೆ ವಯಸ್ಸೆಷ್ಟು?"

"ಹೊಸಾದು, ಮೊನ್ನೆ ಬಂದೈತಿ."

"ಏನು ತ್ರಾಸು?"

"ಒಳಗ ಗಾಳಿ ತುಂಬೈತಿ. ಕೆಳಗಿಂದ ಎಣ್ಣಿ ಒತ್ತಿ ಮ್ಯಾಲಿಂದ ಗಾಳಿ ಬಿಡಸಬೇಕು."

ಅವನ ಮಾರಿ ಬೆಳ್ಳಗಾತು. "ಕೂಸಿಗೆ ಹಂಗ ಮಾಡಬ್ಯಾಡ್ರಿ ಬಾಯ್. ಡಾಕ್ಟರ್ ಚೀಟಿ ಇಲ್ದ ನಾ ಕೊಡೂದಿಲ್ಲ."

ಹೊರಗ ಹೋಗಿ ಸೈಕಲ್ ಎತ್ತಿ ತಂದು ಅವನ ಮುಂದ ನಿಲ್ಲಿಸಿದೆ. "ಇವನ ಸಿರಿಲ್. ಡಾಕ್ಟರ್ ನಾನ. ಚೀಟಿ ಬರೀಲಿ?"

ಸಿರಿಂಜ್ ಕೊಟ್ಟ. ಕೊಡುವಾಗ ರೂಢಿ ಬಿಡದ, "ದಿನಕ್ಕ ಎಷ್ಟು ಸಲ?" ಅಂದ.

ಇಳಿಜಾರು

ಗಾಳಿ ಎಲ್ಲಾ ಗುಳುಗುಳು ಹೊರಗ ಬಂತು, ಹಿಡಿಕಿ ಗಟ್ಟಿಯಾತು. ಪಾವಿನವ ಮಾತ್ರ ಸೈಕಲ್ ಮುಟ್ಟವಲ್ಲ. ಇನ್ನೊಂದು ಚಪ್ಪರಕ್ಕ ನುಗ್ಗಿದ್ರ ಮನಿಗೆ ಬರಬ್ಯಾಡ ಅಂತ ಹೆಂಡ್ತಿ ಹೇಳ್ಯಾಳಂತ. "ಗ್ಯಾರಂಟಿ ಏನು ಬಾಯ್? ಒಮ್ಮೆ ಯಾರರೆ ಗಂಡಸು ಮಿಸ್ತ್ರಿಗೆ ತೋರಸ್ತೇನಿ."

ಬಾಜೂಕ ಮನಿ ಕಟ್ಟಾಕತ್ತಿದ್ದ ಕಟ್ಟಡದ ಕೆಲಸದವರು ಚಾ ಕುಡಿಕೋತ ನಿಂತಿದ್ರು. ಒಬ್ಬ ಹಲ್ಲು ಕಿಸಿದ. ನನಗ ತಡಿಲಿಲ್ಲ. ಸೀರಿ ಕಚ್ಚಿ ಹಾಕಿ, ಸೈಕಲ್ ತಳ್ಳಿಕೊಂಡು ಇಳಿಜಾರಿನ ಮ್ಯಾಲಿನ ತುದಿಗೆ ಹೊಂಟೆ. "ಬ್ಯಾಡ," ಅಂದ ಗಂಡ. "ದಾರಿ ಬಿಡ್ರಿ," ಅಂದೆ ಎಲ್ಲಾರಿಗೂ.

ಮ್ಯಾಲೆ ಹೋಗಿ ಸೈಕಲ್ ಹತ್ತಿ ಪೆಡಲ್ ಬಿಟ್ಟೆ. ಗಾಳಿ ಕಿವಿಯಾಗ ಹೊಯ್ಕೋತ ಬಂತು. ಜನ ಸರಿದು ನಿಂತ್ರು. ದುಕಾನದ ಮುಂದ ಬಂದಕೂಡ್ಲೆ, ಹಳೇ ಸೈಕಲ್ಲಿನ ರೂಢಿಯಂಗ ಇದ್ದಬಿದ್ದ ಜೀವ ಹಾಕಿ ಬ್ರೇಕ್ ಹಿಡಿದೆ. ಸೈಕಲ್ ಅಲ್ಲೇ ನಿಂತಿತು, ಒಂದು ಗೇಣೂ ಮುಂದ ಹೋಗಲಿಲ್ಲ. ನಾ ಹ್ಯಾಂಡಲ್ ದಾಟಿ ಹಾರಿ ಕಟ್ಟಡದವರು ಸುರುವಿದ್ದ ಉಸುಕಿನ ಗುಂಪಿಯೊಳಗ ಬಿದ್ದೆ.

ಯಾರೂ ನಗಲಿಲ್ಲ, ಎಲ್ಲಾರೂ ಓಡಿ ಬಂದ್ರು. ಗಂಡ ಎಬ್ಬಸಾಕ ಕೈ ಕೊಟ್ಟ, ನಾ ಹಿಡೀಲಿಲ್ಲ. ಬಾಯಾಗಿನ ಉಸುಕು ಉಗುಳಿ, ಪಾವಿನವನ ಕಡೆ ತಿರುಗಿ ಕೇಳಿದೆ:

"ಸೈಕಲ್ ನಿಂತೈತೋ ಇಲ್ಲೋ? ಗ್ಯಾರಂಟಿ ಸೈಕಲ್ಲಿಂದು. ನಂದು ಯಾರೂ ಕೇಳಿಲ್ಲ."