ಗೇರೆಣ್ಣೆಯ ಲೋಪಸಂಧಿ

ನವೆಂಬರ್ ತಿಂಗಳು ಬಂತೆಂದರೆ ನನ್ನ ಮೈಮೇಲೆ ಕನ್ನಡಾಂಬೆ ಬರುತ್ತಾಳೆ! ಹೈಸ್ಕೂಲಿನ ಕನ್ನಡ ಮೇಷ್ಟ್ರು ನಾನು, ಬಾರದೆ ಇರುತ್ತಾಳೆಯೇ? ಈ ಸಲದ ರಾಜ್ಯೋತ್ಸವದ ವೇದಿಕೆಯಲ್ಲಿ, ತಿಂಗಳಿಡೀ ಒಂದೂ ಇಂಗ್ಲಿಷ್ ಪದ ಆಡುವುದಿಲ್ಲವೆಂದು ಶಪಥ ಮಾಡಿದೆ. ಅದೇ ಹುರುಪಿನಲ್ಲಿ ಮನೆಗೆ ಬಂದು ಎರಡನೆಯ ಶಪಥವನ್ನೂ ಮಾಡಿಬಿಟ್ಟೆ.

"ಸೀತಾ, ನಿಮ್ಮಪ್ಪನ ಬಂಡಿಯ ಹಿಂದಿನ ಅಚ್ಚಿನ ಎಣ್ಣೆಯನ್ನ ನಾನೇ ಬದಲಾಯಿಸ್ತೀನಿ. ಯಾವ ಯಂತ್ರಕರ್ಮಿಯೂ ಬೇಡ!"

"ಮೆಕ್ಯಾನಿಕ್ ಅನ್ನಿ, ಅರ್ಥ ಆಗತ್ತೆ," ಎಂದಳು ನನ್ನ ಹೆಂಡತಿ. "ಮೊನ್ನೆ ನೀವು ಬಿಚ್ಚಿ ಜೋಡಿಸಿದ ಮಿಕ್ಸಿ ಈಗ ಚಟ್ನೀನ ಗೋಡೆಗೇ ಬಡಿಸತ್ತೆ."

ಕಾರು ಎಪ್ಪತ್ತೆರಡನೇ ಇಸವಿಯ ಫಿಯೆಟ್. ಭದ್ರಾವತಿಯ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದ ಮಾವ ಶಿವರಾಮಯ್ಯನವರು, ಕಣ್ಣು ಮಂಜಾಯಿತೆಂದು ಅದನ್ನು ಆರು ತಿಂಗಳ ಪರೀಕ್ಷೆಗೆ ಶಿವಮೊಗ್ಗದ ನಮ್ಮ ಮನೆಯಲ್ಲಿ ಬಿಟ್ಟಿದ್ದರು. ಭಾನುವಾರ ಅವರಿಗೆ ಒಯ್ದು ತೋರಿಸಬೇಕು. ಪಾಸಾದರೆ ಕಾರು ನನ್ನದು, ಇಲ್ಲದಿದ್ದರೆ ಷಡ್ಡಕ ರವಿಶಂಕರನದು. "ಹಿಂದ್ಗಡೆ ಹೂಂ ಅಂತಿದೆ, ಗೇರ್ ಆಯಿಲ್ ಬದಲಾಯಿಸಿಬಿಡು," ಎಂದು ಫೋನಿನಲ್ಲಿ ಅಪ್ಪಣೆಯೂ ಆಗಿತ್ತು.

ಆ ಕಾರೆಂದರೆ ನನಗೆ ಪ್ರಾಣ. ತರಗತಿಯಲ್ಲಿ ಛಂದಸ್ಸು ಹೇಳುವಾಗಲೂ ಮನಸ್ಸು ತುಂಗಾ ಸೇತುವೆಯ ಮೇಲಿರುತ್ತಿತ್ತು. ಬೆಳಗಿನ ಮಂಜು, ಕೆಳಗೆ ಹೊಳೆ, ಮೇಲೆ ನಾನು. ಚಕ್ರಗಳು ನೆಲ ಮುಟ್ಟುತ್ತಲೇ ಇಲ್ಲ! "ಸಾರ್, ಲಘು ಆಯ್ತು, ಮುಂದೆ ಗುರು," ಎಂದು ಹುಡುಗರು ಎಚ್ಚರಿಸಬೇಕಾಗುತ್ತಿತ್ತು.

ಶನಿವಾರ ಮಧ್ಯಾಹ್ನ ಗಾಂಧಿ ಬಜಾರಿಗೆ ಹೊರಟೆ. ದಾರಿಯಲ್ಲೇ ಪದ ಸಿದ್ಧವಾಯಿತು. ಆಯಿಲ್ ಎಂದರೆ ಎಣ್ಣೆ. ಗೇರ್ ಎಂಬ ಅನಾಥ ಶಬ್ದವನ್ನು ದತ್ತು ತೆಗೆದುಕೊಂಡು, ಒಂದು ಉಕಾರ ತೊಡಿಸಿದೆ. ಗೇರು ಮತ್ತು ಎಣ್ಣೆ ಸೇರಿದರೆ ಗೇರೆಣ್ಣೆ. ಲೋಪಸಂಧಿ! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

"ಗೇರೆಣ್ಣೆ ಎರಡು ಡಬ್ಬ ಕೊಡಿ," ಎಂದೆ, ಎಣ್ಣೆ ಅಂಗಡಿಯ ಕರಿಯಣ್ಣನಿಗೆ.

"ಯಾವುದಕ್ಕೆ ಮೇಷ್ಟ್ರೇ?"

"ಹಿಂದಿನ ಅಚ್ಚಿಗೆ. ನಮ್ಮ ಮಾವನ ಕಾಲದ್ದು."

"ಓಹೋ, ಹಳೇ ಗಾಡಿ! ಬಿಡಿ, ಇದನ್ನ ಹಾಕಿದ್ರೆ ಗೆದ್ದಲು ಆ ಕಡೆ ತಲೆ ಹಾಕಿಯೂ ಮಲಗಲ್ಲ!"

ಕಬ್ಬಿಣಕ್ಕೆ ಎಂಥಾ ಗೆದ್ದಲು ಮಾರಾಯ ಎಂದು ನಕ್ಕೆ. ಅವನೂ ನಕ್ಕ. ಇಬ್ಬರೂ ಬೇರೆಬೇರೆ ಕಾರಣಕ್ಕೆ ನಕ್ಕಿದ್ದೇವೆಂದು ಇಬ್ಬರಿಗೂ ಗೊತ್ತಾಗಲಿಲ್ಲ.

ಮನೆಗೆ ಬಂದು ಕಾರಿನಡಿ ಅಂಗಾತ ಮಲಗಿ ಕೆಳಗಿನ ಬಿರಡೆ ಬಿಚ್ಚಿದೆ. ಹಳೇ ಎಣ್ಣೆ ಕಪ್ಪು ದಾರದಂತೆ ನಿಧಾನವಾಗಿ ಇಳಿಯತೊಡಗಿತು. ಬಿಸಿಲು ಚಕ್ರದ ಸಂದಿನಿಂದ ಬಂದು ಎದೆಯ ಮೇಲೆ ಕೂತಿತು. ನೋಡುತ್ತಾ ನೋಡುತ್ತಾ ಕಣ್ಣು ಮುಚ್ಚಿತು. ಕನಸಿನಲ್ಲಿ ಮಾವನವರು ನನಗೆ ಮೈಸೂರು ಪೇಟ ತೊಡಿಸುತ್ತಿದ್ದರು, ರವಿಶಂಕರ ಬಾಗಿಲು ತೆರೆಯುತ್ತಿದ್ದ.

"ರೀ! ಕಾಲು ಮಾತ್ರ ಕಾಣ್ತಿದೆ, ಜೀವ ಇದೆಯಾ?" ಎಂದು ಸೀತಾ ಕಿರುಚಿದಾಗಲೇ ಎಚ್ಚರ.

ಕೆಳಗಿನ ಬಿರಡೆ ಬಿಗಿದು, ಅವಳದೇ ಅಡಿಗೆಮನೆಯ ಲಾಳಿಕೆಗೆ ಪೈಪು ಸಿಕ್ಕಿಸಿ, ಮೇಲಿನ ತೂತಿನಿಂದ ತುಳುಕುವವರೆಗೂ ಗೇರೆಣ್ಣೆ ಸುರಿದೆ. ಅದೇ ಕೈಯಲ್ಲಿ ಹಣೆಯ ಬೆವರು ಒರೆಸಿಕೊಂಡೆ.

ಬೆಳಿಗ್ಗೆ ಎದ್ದರೆ ಅಂಗೈ ತುಂಬಾ ಬೊಬ್ಬೆ! "ನೋಡೇ, ದುಡಿದ ಕೈ!" ಎಂದು ಹೆಮ್ಮೆಯಿಂದ ತೋರಿಸಿದೆ.

"ಹಣೇಲೂ ದುಡಿದ್ರಾ?" ಎಂದಳು.

ಹೊರಟೆವು. ಆಹಾ! ಹೂಂ ಇಲ್ಲ, ಹಾಂ ಇಲ್ಲ. ರಸ್ತೆಯೇ ನಮ್ಮ ಕೆಳಗೆ ನಿದ್ದೆ ಹೋದಂತಿತ್ತು. ಅರ್ಧ ದಾರಿಗೆ ಸೀತಾ ಮೂಗು ಅರಳಿಸಿ, "ರೀ, ಯಾರೋ ಗೇರುಬೀಜ ಸುಡ್ತಿದಾರೆ," ಎಂದಳು. "ಮಲೆನಾಡಿನ ಪರಿಮಳ ಕಣೇ!" ಎಂದೆ. ಪರಿಮಳ ನಮ್ಮನ್ನೇ ಹಿಂಬಾಲಿಸಿತು. ಭದ್ರಾವತಿ ಮುಟ್ಟುವಾಗ ಕಾರು ಮೂಗುದಾರ ಜಗ್ಗಿದ ಎಮ್ಮೆಯ ಹಾಗೆ ಮುಂದಕ್ಕೆ ಬರಲೊಲ್ಲದು. ಮಾವನ ಮನೆಯ ಗೇಟಿನ ಮುಂದೆ ಹಿಂಬದಿಯಿಂದ ಹೊಗೆ ಬಿಟ್ಟು ನಿಂತೇಬಿಟ್ಟಿತು.

ಮಾವನವರು ಬಗ್ಗಿ ಬಿರಡೆ ಬಿಚ್ಚಿ, ಒಳಗೆ ಕಡ್ಡಿ ಅದ್ದಿ ಮೂಸಿದರು.

"ಏನು ಹಾಕಿದ್ದೀಯಯ್ಯಾ ಇದಕ್ಕೆ?"

"ಗೇರೆಣ್ಣೆ."

"ಬಿಡಿಸಿ ಹೇಳು!"

ಹದಿನೆಂಟು ವರ್ಷ ಮಕ್ಕಳಿಗೆ ನಾನು ಕೇಳಿದ ಪ್ರಶ್ನೆ! ಬಿಡಿಸಿದೆ. ಬಿಡಿಸಿದಾಗ ಒಳಗಿನಿಂದ ಗೇರುಬೀಜ ಹೊರಬಿತ್ತು.

"ಗೇರುಬೀಜದ ಸಿಪ್ಪೆ ಎಣ್ಣೆ ಇದು, ಮರಕ್ಕೆ ಗೆದ್ದಲು ಹತ್ತದ ಹಾಗೆ ಬಳಿಯೋದು, ಮೈಗೆ ತಾಗಿದ್ರೆ ಬೊಬ್ಬೆ ಏಳತ್ತೆ! ಬ್ರೇಕಿನ ಲೈನಿಂಗ್ ಮಾಡೋಕೂ ಬಳಸ್ತಾರೆ ಮಾರಾಯ ಇದನ್ನ! ಉರುಳೋ ಜಾಗಕ್ಕೆ ನಿಲ್ಲಿಸೋದನ್ನ ಸುರಿದಿದ್ದೀಯಲ್ಲೋ!"

ಆಮೇಲೆ ಅಪ್ಪ ಮಗಳು ಇಬ್ಬರೂ ಸೇರಿ ಸೀಮೆಎಣ್ಣೆಯಲ್ಲಿ ತೊಳೆದು, ಸರಿಯಾದ ಎಣ್ಣೆ ತರಿಸಿ ತುಂಬಿದರು. ಮಾವ ಕೇಳಿದ ಪಾನಾವನ್ನು ಸೀತಾ ನೋಡದೆಯೇ ಎತ್ತಿ ಕೊಡುತ್ತಿದ್ದಳು. ಮದುವೆಗೆ ಮುಂಚೆ ಇದೇ ಕಾರಿನಲ್ಲಿ ಡ್ರೈವಿಂಗ್ ಕಲಿತವಳಂತೆ! ಹದಿನೈದು ವರ್ಷದಲ್ಲಿ ನಾನು ಕೇಳಿರಲೇ ಇಲ್ಲ. ನಾಚಿಕೆಯಾಯಿತು. ಮುಖವೂ ಊದಿದ್ದರಿಂದ ಯಾರಿಗೂ ತಿಳಿಯಲಿಲ್ಲ.

ಸಂಜೆ ಮಾವನವರು ಕೀ ಹಿಡಿದು ಬಂದರು. ಬೋಂಡಾದಂತೆ ಊದಿದ ಎರಡೂ ಕೈ ಒಡ್ಡಿದೆ. ಅವರು ನನ್ನನ್ನು ದಾಟಿ ಹೋಗಿ ಮಗಳ ಅಂಗೈಯಲ್ಲಿಟ್ಟರು. "ಕಾರು ನಿಂದು ಕಣಮ್ಮಾ. ರವಿಶಂಕರಂಗೂ ಹೇಳಿಬಿಡ್ತೀನಿ."

ಸೀತಾ ಸ್ಟೀರಿಂಗ್ ಹಿಂದೆ ಕೂತು, ಬಾಗಿ ಎಡಗಡೆಯ ಬಾಗಿಲು ತೆರೆದಳು.

"ಬನ್ನಿ, ಇಲ್ಲಿ ಕೂತ್ಕೊಳ್ಳಿ. ಕನಸು ಕಾಣೋರಿಗೆ ಇದೇ ಸರಿಯಾದ ಜಾಗ."